ಹ್ಯಾಲೋವೀನ್ ಸಂಜೆಗೆ ಎಂಥ ವಾದ್ಯಸಂಗೀತ? ಜಾಗ ನೋಡಿ ಆರಿಸುವ ಬಗೆ

ಅಕ್ಟೋಬರ್ 31ರ ಸಂಜೆಗೆ ಸಂಗೀತ ಹುಡುಕುವವರು ಸಾಮಾನ್ಯವಾಗಿ "ಎಲ್ಲಕ್ಕಿಂತ ಭಯಂಕರ ಯಾವುದು" ಎಂದೇ ಶುರುಮಾಡುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು, ಕೇಳುವವರು ಅಲ್ಲಿ ಎಷ್ಟು ಹೊತ್ತು ಇರುತ್ತಾರೆ ಎಂಬುದು. ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಬರುವ ಮಗು ಮುಂಬಾಗಿಲಲ್ಲಿ ನಿಲ್ಲುವುದು ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಊಟಕ್ಕೆ ಕರೆದವರು ಎರಡು ಮೂರು ಗಂಟೆ ಕೂರುತ್ತಾರೆ. ಗ್ಯಾರೇಜಿನಲ್ಲಿ ಕಪ್ಪು ಬಟ್ಟೆ ಕಟ್ಟಿ ಮಾಡಿದ ಭೂತದ ಮನೆಯನ್ನು ಒಂದೊಂದು ಗುಂಪು ಮೂರು ನಾಲ್ಕು ನಿಮಿಷದಲ್ಲಿ ದಾಟಿಹೋಗುತ್ತದೆ. ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುವವರ ಲೆಕ್ಕವೇ ಬೇರೆ. ಈ ನಾಲ್ಕಕ್ಕೂ ಒಂದೇ ಪ್ಲೇಲಿಸ್ಟ್ ಹಾಕಿದರೆ ಯಾವುದೂ ಕೂಡಿಬರುವುದಿಲ್ಲ.

ಮುಂಬಾಗಿಲಿಗೆ

ಅಮೆರಿಕದಲ್ಲಿ ಮಕ್ಕಳು ಮನೆಮನೆ ಸುತ್ತುವುದು ಹೆಚ್ಚಾಗಿ ಸಂಜೆ ಆರರಿಂದ ಎಂಟರ ಆಸುಪಾಸಿನಲ್ಲಿ. ಆ ಅವಧಿಯಲ್ಲಿ ಯಾವ ಕ್ಷಣಕ್ಕೆ ಯಾರು ಮೆಟ್ಟಿಲು ಹತ್ತಿದರೂ ಸಂಗೀತ ಕಿವಿಗೆ ಬೀಳಬೇಕು, ಬಿದ್ದ ತಕ್ಷಣ ಹಿಡಿಯಬೇಕು. ಮೆಲ್ಲಗೆ ಶುರುವಾಗಿ ಐದು ನಿಮಿಷ ಏರಿ ಕೊನೆಗೆ ಅಬ್ಬರಿಸುವ ಕೃತಿ ಎಷ್ಟೇ ದೊಡ್ಡದಾದರೂ ಇಲ್ಲಿಗೆ ಆಗದು. ಮಗುವಿನ ಪಾಲಿಗೆ ಸಿಗುವುದು ಅದರ ಯಾವುದೋ ಮೂವತ್ತು ಸೆಕೆಂಡು, ಅದೂ ಬಹುಪಾಲು ಕೇಳಿಸದ ಭಾಗ.

ಇಲ್ಲಿಗೆ ಹೊಂದುವುದು ಎರಡು ಬಗೆ. ಮೊದಲನೆಯದು ಹ್ಯಾಲೋವೀನ್‌ಗೆಂದೇ ಮಾಡಿದ ಗಾಥಿಕ್ ಆಲ್ಬಂಗಳು. ಓಹಾಯೋದ ಮಿಡ್‌ನೈಟ್ ಸಿಂಡಿಕೇಟ್ 1990ರ ದಶಕದಿಂದ, ಅದೇ ರಾಜ್ಯದ ನಾಕ್ಸ್ ಅರ್ಕಾನಾ 2003ರಿಂದ ಇದನ್ನೇ ಮಾಡುತ್ತ ಬಂದಿವೆ. ಪೈಪ್ ಆರ್ಗನ್, ಚರ್ಚಿನ ಗಂಟೆ, ಪಿಯಾನೋ, ಗಾಳಿಯ ಸದ್ದು, ಪದಗಳಿಲ್ಲದ ಕೋರಸ್ ಇವುಗಳ ಮುಖ್ಯ ಸಾಮಗ್ರಿ. ಟ್ರ್ಯಾಕ್‌ಗಳು ಬಹುತೇಕ ಎರಡರಿಂದ ನಾಲ್ಕು ನಿಮಿಷ. ಮೊದಲಿಂದ ಕೊನೆಯವರೆಗೆ ಸದ್ದಿನ ಮಟ್ಟದಲ್ಲಿ ಹೆಚ್ಚಿನ ಏರಿಳಿತ ಇರುವುದಿಲ್ಲ, ಬಯಲಿಗೆ ಬೇಕಾದದ್ದೂ ಅದೇ. ಒಂದು ಗಂಟೆ ಒಂದೇ ಸಮನೆ ಕೇಳಿದರೆ ಎಲ್ಲವೂ ಒಂದೇ ಥರ ಅನ್ನಿಸುತ್ತದೆ ಎನ್ನುವುದು ನಿಜ. ಆದರೆ ಬಾಗಿಲಲ್ಲಿ ಒಂದು ಗಂಟೆ ನಿಂತು ಕೇಳುವವರು ಮಿಠಾಯಿ ಹಂಚುವವರು ಮಾತ್ರ. ಪಿಸುಮಾತು, ನಿರೂಪಣೆ ಇರುವ ಟ್ರ್ಯಾಕ್‌ಗಳನ್ನು ಮೊದಲೇ ಕೇಳಿ ತೆಗೆದುಹಾಕಿ. ನಿಮ್ಮ ಮಾತಿಗೂ ಆ ಮಾತಿಗೂ ಡಿಕ್ಕಿಯಾಗಿ ಎರಡೂ ಅರ್ಥವಾಗುವುದಿಲ್ಲ.

ಎರಡನೆಯದು ಸಿಂಥಸೈಜರ್ ಮೇಲೆ ಕಟ್ಟಿದ ಸಿನಿಮಾ ಸಂಗೀತ. 1978ರ 'ಹ್ಯಾಲೋವೀನ್' ಚಿತ್ರಕ್ಕೆ ನಿರ್ದೇಶಕ ಜಾನ್ ಕಾರ್ಪೆಂಟರ್ ತಾವೇ ಮಾಡಿದ ಸಂಗೀತ ಇದರ ಒಳ್ಳೆಯ ಮಾದರಿ. ಪಿಯಾನೋದ ಒಂದು ಪುಟ್ಟ ಸ್ವರಗುಚ್ಛ ಐದರ ಎಣಿಕೆಯಲ್ಲಿ ಬಿಡದೆ ತಿರುಗುತ್ತದೆ. ಖಂಡ ಚಾಪು ಕೇಳಿ ಬೆಳೆದವರಿಗೆ ಐದು ಹೊಸದೇನಲ್ಲ. ಆದರೆ ಖಂಡ ಚಾಪು 2+3 ಎಂದು ನಡೆದರೆ ಇಲ್ಲಿ ಹತ್ತು ಸಣ್ಣ ಮಾತ್ರೆಗಳು 3+3+2+2 ಎಂದು ಒಡೆದುಕೊಂಡಿವೆ. ಕಾಲು ತಾಳ ಹಾಕಲು ಹೋದರೆ ಪ್ರತಿ ಆವರ್ತದ ಕೊನೆಯಲ್ಲಿ ಎಡವುತ್ತದೆ. ಎಲ್ಲಿಂದ ಕೇಳಿದರೂ ಹತ್ತೇ ಸೆಕೆಂಡಿನಲ್ಲಿ ಗುರುತು ಸಿಗುವುದರಿಂದ ಮುಂಬಾಗಿಲಿಗೆ ಇಷ್ಟು ಹೊಂದುವ ಇನ್ನೊಂದು ಕೃತಿ ಸಿಗುವುದು ಕಷ್ಟ. ಅದನ್ನು ಅರ್ಧ ಗಂಟೆಗೊಮ್ಮೆ ಮಾತ್ರ ಬರುವಂತೆ ಇಡಿ. ಸತತವಾಗಿ ತಿರುಗಿಸಿದರೆ ಮೊದಲು ತಲೆ ಕೆಡುವುದು ಪಕ್ಕದ ಮನೆಯವರಿಗೆ.

ಎಲ್ಲ ಪಟ್ಟಿಗಳಲ್ಲೂ ಬರುವ ಮೈಕ್ ಓಲ್ಡ್‌ಫೀಲ್ಡ್‌ರ 'ಟ್ಯುಬ್ಯುಲರ್ ಬೆಲ್ಸ್' ವಿಷಯದಲ್ಲಿ ಎಚ್ಚರ ಬೇಕು. 1973ರಲ್ಲಿ ಬಂದ ಈ ಆಲ್ಬಂನ ಆರಂಭವನ್ನು ಅದೇ ವರ್ಷ 'ದಿ ಎಕ್ಸಾರ್ಸಿಸ್ಟ್' ಎಂಬ ಭಯದ ಸಿನಿಮಾ ಬಳಸಿಕೊಂಡಿತು. ಮೈ ಜುಂ ಎನ್ನಿಸುವುದು ಆ ಮೊದಲ ಮೂರು ನಾಲ್ಕು ನಿಮಿಷ ಮಾತ್ರ. ಮೊದಲ ಭಾಗ ಇಪ್ಪತ್ತೈದು ನಿಮಿಷದಷ್ಟು ಉದ್ದವಿದ್ದು, ಮುಂದೆ ಗಿಟಾರಿನ ಲವಲವಿಕೆಗೆ ಹೊರಳುತ್ತದೆ. ಕೊನೆಯ ಹೊತ್ತಿಗೆ ಒಬ್ಬರು ಒಂದೊಂದೇ ವಾದ್ಯದ ಹೆಸರು ಕೂಗಿ ಹೇಳುತ್ತಾರೆ. ಪೂರ್ತಿ ಹಾಕಿದರೆ ಭಯದ ಸಂಜೆ ಜಾತ್ರೆಯಾಗುತ್ತದೆ.

ಕಿರುಚಾಟ, ಸರಪಳಿ, ಅಟ್ಟಹಾಸಗಳ ಧ್ವನಿ ಪರಿಣಾಮದ ಟ್ರ್ಯಾಕ್‌ಗಳನ್ನು ಮುಂಬಾಗಿಲಿಗೆ ಹಾಕಲೇಬೇಡಿ. ಮೂರು ನಾಲ್ಕು ವರ್ಷದ ಮಗು ಗೇಟಿನಿಂದಲೇ ಅಮ್ಮನ ಕೈ ಎಳೆದು ವಾಪಸ್ ಹೋಗುತ್ತದೆ. ಶಬ್ದ ಸಹಿಸಲಾಗದ ಮಕ್ಕಳಿಗಂತೂ ಹಠಾತ್ ಕೂಗು ನಿಜವಾದ ಹಿಂಸೆ. ಗಾಳಿ ಮತ್ತು ಗೂಬೆಯ ಸದ್ದು ಸಾಕು.

ಸದ್ದಿನ ಮಟ್ಟ: ಮಗು ನಿಲ್ಲುವ ಜಾಗದಲ್ಲಿ 60 ಡೆಸಿಬಲ್ ಸುಮಾರು ಇರಲಿ. ಮಾಮೂಲು ಮಾತುಕತೆಯೂ ಅಷ್ಟೇ ಇರುತ್ತದೆ. ಫೋನಿನ ಡೆಸಿಬಲ್ ಅಳೆಯುವ ಆ್ಯಪ್‌ನಲ್ಲಿ ಒಂದೆರಡು ಅಂಕ ವ್ಯತ್ಯಾಸ ಬಂದರೂ ಈ ಕೆಲಸಕ್ಕೆ ಸಾಕು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲಿ 72 ಇದ್ದರೆ ನಾಲ್ಕು ಮೀಟರ್ ದೂರದ ಮೆಟ್ಟಿಲಲ್ಲಿ 60.

ಊಟದ ಮನೆಗೆ

ಹತ್ತೊಂಬತ್ತನೇ ಶತಮಾನದ ಪಾಶ್ಚಾತ್ಯ ವಾದ್ಯವೃಂದದ ಕೃತಿಗಳಿಗೆ ತಕ್ಕ ಜಾಗ ಇದೇ. ಇವುಗಳಲ್ಲಿ ಕಥೆಯಿದೆ, ಏರಿಳಿತವಿದೆ, ಮಾತಿನ ಮಧ್ಯೆ ಒಮ್ಮೆ ತಲೆಯೆತ್ತಿ ಕೇಳುವಂಥ ಘಳಿಗೆಗಳಿವೆ.

ಫ್ರೆಂಚ್ ಸಂಯೋಜಕ ಸ್ಯಾಂ-ಸಾನ್ಸ್ 1874ರಲ್ಲಿ ಬರೆದ 'ದಾನ್ಸ್ ಮಕಾಬ್ರ' ಸುಮಾರು ಏಳು ನಿಮಿಷದ್ದು. ಹಾರ್ಪ್ ಒಂದೇ ಸ್ವರವನ್ನು ಹನ್ನೆರಡು ಸಲ ಮೀಟಿ ನಡುರಾತ್ರಿ ಆಯಿತೆಂದು ಹೇಳುತ್ತದೆ. ಸಾವು ಪಿಟೀಲು ಹಿಡಿದು ಬರುತ್ತದೆ, ಅಸ್ಥಿಪಂಜರಗಳು ಕುಣಿಯುತ್ತವೆ, ಮೂಳೆಗಳ ಸದ್ದಿಗೆ ಕ್ಸೈಲೋಫೋನ್ ಇದೆ. ಕೊನೆಯಲ್ಲಿ ಓಬೋ ಎಂಬ ಊದುವಾದ್ಯ ಕೋಳಿಯಂತೆ ಕೂಗಿದಾಗ ಎಲ್ಲ ಮಾಯ. ಇದರ ಮೊದಲ ರೂಪ ದನಿ ಮತ್ತು ಪಿಯಾನೋಗೆ ಬರೆದ ಹಾಡು. ಹುಡುಕುವಾಗ ಅದೂ ಸಿಗುತ್ತದೆ, ಆದ್ದರಿಂದ ವಾದ್ಯವೃಂದದ್ದೇ ಎಂದು ಖಚಿತಪಡಿಸಿಕೊಳ್ಳಿ.

ಇದರಲ್ಲಿ ಏಕಾಂಗಿ ಪಿಟೀಲಿನ ಮೇಲಿನ ತಂತಿಯನ್ನು ಅರ್ಧ ಸ್ವರ ಕೆಳಗಿಳಿಸಿ ಶ್ರುತಿ ಮಾಡಿರುತ್ತಾರೆ. ಅದನ್ನೂ ಪಕ್ಕದ ತಂತಿಯನ್ನೂ ಒಟ್ಟಿಗೆ ನುಡಿಸಿದಾಗ ಹುಟ್ಟುವ ಅಂತರವನ್ನು ಪಶ್ಚಿಮದವರು ಬಹುಕಾಲ ಅಪಶ್ರುತಿಯೆಂದೇ ಕೇಳಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ಇರುವ ಅಂತರ, ಕಲ್ಯಾಣಿಯಲ್ಲಿ ದಿನವೂ ಕೇಳುವಂಥದ್ದು. ಕರ್ನಾಟಕ ಸಂಗೀತದಲ್ಲಿ ಕಿವಿ ಪಳಗಿದ ನೆಂಟರು ಈ ಅಂತರವೊಂದಕ್ಕೇ ಬೆಚ್ಚುವುದಿಲ್ಲ. ಅಂಥವರಿಗೆ ಕೃತಿ ಆರಿಸುವಾಗ ನಾದದ ಗುಣವನ್ನು ನೆಚ್ಚಿಕೊಳ್ಳಬೇಕು. ಕಮಾನಿನ ಕಡ್ಡಿಯಿಂದ ತಂತಿಗೆ ಬಡಿಯುವ ಸದ್ದು, ಮಂದ್ರದಲ್ಲಿ ಗೊಗ್ಗರಾಗಿ ಎಳೆಯುವ ಬಸೂನ್ ಎಂಬ ಊದುವಾದ್ಯ, ಬರಬೇಕಾದ ಕಡೆ ಬಾರದ ತಾಳ, ನಡುನಡುವೆ ಮೌನ: ಇವು ಯಾವ ಕಿವಿಯಲ್ಲೂ ಕೆಲಸ ಮಾಡುತ್ತವೆ.

ಇವೆಲ್ಲ ಒಂದೆಡೆ ಸಿಗುವುದು ಬೆರ್ಲಿಯೋಜ್ 1830ರಲ್ಲಿ ಬರೆದ 'ಸಿಂಫೊನಿ ಫಾಂಟಾಸ್ಟಿಕ್'ನ ಐದನೇ ಭಾಗದಲ್ಲಿ. ಹತ್ತು ನಿಮಿಷದ ಮಾಟಗಾತಿಯರ ಕೂಟ ಅದು. ದೂರದ ಗಂಟೆಗಳು ಮೊಳಗಿದ ಮೇಲೆ ಬಸೂನ್‌ಗಳೂ ಟ್ಯೂಬಾಗಳೂ 'ದೀಯೆಸ್ ಈರೇ' ಎಂಬ ಮಧ್ಯಯುಗದ ಶವಸಂಸ್ಕಾರದ ಪ್ರಾರ್ಥನೆಯ ಧಾಟಿಯನ್ನು ನಿಧಾನವಾಗಿ ಎತ್ತುತ್ತವೆ. ಆ ಧಾಟಿಯ ಮೊದಲ ನಾಲ್ಕು ಸ್ವರ ಗ ರಿ ಗ ಸ (ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ). ಒಮ್ಮೆ ಹಾಡಿಕೊಂಡರೆ ಮರೆಯುವುದಿಲ್ಲ. ಮರೆಯದಿದ್ದರೆ ಸಂಜೆಯ ಸಂಗೀತವೆಲ್ಲ ಒಂದೇ ದಾರದಲ್ಲಿ ಪೋಣಿಸಿದಂತೆ ಕೇಳಿಸುತ್ತದೆ: 'ದಾನ್ಸ್ ಮಕಾಬ್ರ'ದಲ್ಲಿ ಇದೇ ಧಾಟಿ ವೇಷ ಬದಲಿಸಿ ಕುಣಿತವಾಗುತ್ತದೆ, ರಾಖ್ಮನಿನೋವ್‌ರ 'ಸತ್ತವರ ದ್ವೀಪ'ದಲ್ಲೂ ತಲೆಯೆತ್ತುತ್ತದೆ. ಊಟಕ್ಕೆ ಕೃತಿಗಳನ್ನು ಹೊಂದಿಸುವಾಗ ಈ ಮೂರನ್ನು ಒಟ್ಟಿಗೆ ಇಡಬೇಕು ಎಂದು ಹೇಳುವುದು ಇದಕ್ಕೇ.

'ಸತ್ತವರ ದ್ವೀಪ' 1909ರಲ್ಲಿ ಮೊದಲ ಸಲ ನುಡಿಸಿದ ಕೃತಿ, ಸುಮಾರು ಇಪ್ಪತ್ತು ನಿಮಿಷ. ಸ್ವಿಸ್ ಕಲಾವಿದ ಬೋಕ್ಲಿನ್‌ರ ಚಿತ್ರದ ಕಪ್ಪುಬಿಳುಪು ಪ್ರತಿ ಇದಕ್ಕೆ ಪ್ರೇರಣೆ. ಹುಟ್ಟು ಹಾಕುವ ದೋಣಿಯ ತೊನೆದಾಟ ಇಲ್ಲೂ ಐದರ ನಡೆಯಲ್ಲಿದೆ, ಆದರೆ ಬಹಳ ನಿಧಾನ. ಬೆಚ್ಚಿಬೀಳಿಸುವ ಏಟುಗಳಿಗಿಂತ ಒಳಗೊಳಗೇ ಕವಿಯುವ ಕತ್ತಲೆ ಇದರಲ್ಲಿ ಹೆಚ್ಚು. ಜನ ಉಣ್ಣುತ್ತಿರುವಾಗ ಹಾಕಬೇಕಾದದ್ದು ಇದನ್ನೇ.

ಮುಸೋರ್ಗ್‌ಸ್ಕಿಯ 'ಬೋಳುಗುಡ್ಡದ ಮೇಲೆ ಒಂದು ರಾತ್ರಿ'ಯಲ್ಲಿ ಎರಡು ರೂಪಗಳ ನಡುವೆ ಆಯ್ಕೆಯಿದೆ, ಬಹಳ ಮಂದಿಗೆ ಗೊತ್ತಿರುವುದು ಒಂದೇ. ಅವರು 1867ರಲ್ಲಿ ಬರೆದ ಮೂಲ ಒರಟು, ಏರುಪೇರಿನದು, ಕೊನೆತನಕ ಕಾಡುತ್ತದೆ. ಅದು ಅಚ್ಚಾದದ್ದೇ 1968ರಲ್ಲಿ. ಅವರ ಸಾವಿನ ನಂತರ ಗೆಳೆಯ ರಿಮ್‌ಸ್ಕಿ-ಕೊರ್ಸಕೋವ್ 1886ರಲ್ಲಿ ತಿದ್ದಿ ಕಟ್ಟಿದ ರೂಪ ನಯವಾಗಿದೆ, ಚರ್ಚಿನ ಗಂಟೆ ಮೊಳಗಿ ಬೆಳಗಾಗಿ ಶಾಂತವಾಗಿ ಮುಗಿಯುತ್ತದೆ. ಎರಡೂ ಹನ್ನೆರಡು ನಿಮಿಷದ ಆಸುಪಾಸು. ಸಂಜೆ ಮುಗಿಸಲು ರಿಮ್‌ಸ್ಕಿಯದು ಒಳ್ಳೆಯದು. ನಡುವೆ ಹಾಕುವುದಾದರೆ ಮೂಲವೇ ಸರಿ, ಇಲ್ಲದಿದ್ದರೆ ಆ ಬೆಳಗು ಅಲ್ಲಿಯವರೆಗೆ ಕಟ್ಟಿದ ಭಯವನ್ನೆಲ್ಲ ಕರಗಿಸಿಬಿಡುತ್ತದೆ.

ಮಕ್ಕಳು ಕುಂಬಳಕಾಯಿ ಕೆತ್ತುತ್ತ ಕೂತಿದ್ದರೆ ಗುನೋ ಬರೆದ 'ಸೂತ್ರದ ಗೊಂಬೆಯ ಶವಯಾತ್ರೆ' ಹಾಕಿ. ಐದು ನಿಮಿಷದೊಳಗಿನದು, ಹೆದರಿಸುವುದಕ್ಕಿಂತ ನಗಿಸುತ್ತದೆ. ಗ್ರೀಗ್‌ರ 'ಬೆಟ್ಟದರಸನ ಸಭಾಂಗಣದಲ್ಲಿ' ಎರಡೂವರೆ ನಿಮಿಷದಲ್ಲಿ ಪಿಸುಗುಡುವಷ್ಟು ಮೆಲ್ಲಗಿನಿಂದ ಹುಚ್ಚು ವೇಗಕ್ಕೇರುತ್ತದೆ, ಮಕ್ಕಳು ಎದ್ದು ಓಡಾಡುತ್ತಾರೆ. ನಾಟಕಕ್ಕೆ ಬರೆದ ಮೂಲ ರೂಪದಲ್ಲಿ ಕೋರಸ್ ಇದೆ. ವಾದ್ಯ ಮಾತ್ರ ಬೇಕಿದ್ದರೆ 'ಪೀರ್ ಗಿಂಟ್' ಮೊದಲ ಸ್ವೀಟ್ (Suite No. 1) ಎಂದು ಹುಡುಕಿ.

ಬಾಖ್‌ರ ಹೆಸರಿನ ಡಿ ಮೈನರ್ ಟೊಕಾಟಾ ಮತ್ತು ಫ್ಯೂಗ್ ಎಂಬ ಎರಡು ಭಾಗದ ಆರ್ಗನ್ ಕೃತಿ ಇಲ್ಲದ ಹ್ಯಾಲೋವೀನ್ ಪಟ್ಟಿ ಇಲ್ಲ. ಎದೆ ಧಸಕ್ಕೆನ್ನಿಸುವುದು ಮೊದಲ ಎರಡೂವರೆ ಮೂರು ನಿಮಿಷದ ಟೊಕಾಟಾ. ಆಮೇಲಿನ ಫ್ಯೂಗ್ ಚುರುಕಾದ, ಲೆಕ್ಕಾಚಾರದ, ಬೆಳಕು ತುಂಬಿದ ಸಂಗೀತ. ಎರಡು ಬೇರೆ ಟ್ರ್ಯಾಕ್ ಆಗಿರುವ ಧ್ವನಿಮುದ್ರಣ ಸಿಕ್ಕರೆ ಮೊದಲನೆಯದನ್ನಷ್ಟೇ ತೆಗೆದುಕೊಳ್ಳಿ.

ಒಂದು ಒಳ್ಳೆಯ ಓಟ ಹೀಗಿರಬಹುದು: ನೆಂಟರು ಬಂದು ಕೂರುವಾಗ ಗುನೋ, ದೀಪ ಕಡಿಮೆ ಮಾಡಿದಾಗ 'ದಾನ್ಸ್ ಮಕಾಬ್ರ', ಬಡಿಸಿದ ಮೇಲೆ 'ಸತ್ತವರ ದ್ವೀಪ', ತಟ್ಟೆ ಎತ್ತುವಾಗ ಬೆರ್ಲಿಯೋಜ್, ಕೊನೆಗೆ ರಿಮ್‌ಸ್ಕಿಯ ಬೋಳುಗುಡ್ಡ. ಒಟ್ಟು ಸುಮಾರು 55 ನಿಮಿಷ. ಷಫಲ್ ಆಫ್ ಇರಲೇಬೇಕು.

ಈ ಕೃತಿಗಳ ತೊಂದರೆ ಏರಿಳಿತವೇ. ಮೆಲ್ಲನೆಯ ಭಾಗ ಕೇಳಲಿ ಎಂದು ವಾಲ್ಯೂಮ್ ಏರಿಸಿದರೆ ಮುಂದಿನ ಅಬ್ಬರಕ್ಕೆ ಮಾತು ನಿಲ್ಲುತ್ತದೆ. ನಿಮ್ಮದೇ ಸಿಡಿ ಅಥವಾ ಕೊಂಡ ಫೈಲ್ ಇದ್ದರೆ ಧ್ವನಿ ತಿದ್ದಲು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಏರಿಳಿತ ತಗ್ಗಿಸುವ ಕಂಪ್ರೆಸರ್ ತೆರೆದು ಥ್ರೆಶ್‌ಹೋಲ್ಡ್ -24 ಡೆಸಿಬಲ್, ಅನುಪಾತ 4:1 ಇಟ್ಟು, ನಂತರ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ -16 ಎಲ್‌ಯುಎಫ್‌ಎಸ್ (ಒಟ್ಟಾರೆ ಸದ್ದಿನ ಮಟ್ಟದ ಅಳತೆ) ಕೊಡಿ. ಮೂಲ ಫೈಲ್ ಹಾಗೇ ಇರಲಿ, ಪ್ರತಿಯ ಮೇಲೆ ಮಾಡಿ. ಸ್ಟ್ರೀಮಿಂಗ್‌ನಲ್ಲಿ ಇದು ಆಗದು. ಆ್ಯಪ್‌ನ ನಾರ್ಮಲೈಸೇಶನ್ ಸಾಮಾನ್ಯವಾಗಿ ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಇರುವ ವ್ಯತ್ಯಾಸವನ್ನಷ್ಟೇ ಸರಿಮಾಡುತ್ತದೆ, ಒಂದೇ ಟ್ರ್ಯಾಕ್‌ನ ಒಳಗಿನ ಏರಿಳಿತವನ್ನು ಮುಟ್ಟುವುದಿಲ್ಲ.

ಭೂತದ ಮನೆಗೆ

ಇಲ್ಲಿ ರಾಗ, ತಾಳ ಯಾವುದೂ ಬೇಡ. ರಾಗ ಸಿಕ್ಕ ತಕ್ಷಣ ಮನಸ್ಸು ಅದನ್ನು ಹಿಡಿದು ನಡೆಯುತ್ತದೆ, ಮುಂದೇನು ಬರುತ್ತದೆಂದು ಊಹಿಸುತ್ತದೆ, ಧೈರ್ಯ ತಂದುಕೊಳ್ಳುತ್ತದೆ. ಡಾರ್ಕ್ ಆಂಬಿಯೆಂಟ್ ಎನ್ನುವ ಬಗೆ ಊಹೆಗೆ ಎಡೆ ಕೊಡುವುದಿಲ್ಲ. ಗುಂಯ್‌ಗುಡುವ ಮಂದ್ರ ನಾದ, ದೂರದ ಲೋಹದ ಕರಕರ, ಎಲ್ಲಿಂದಲೋ ಉಸಿರು, ಇಷ್ಟೇ. ಈ ಬಗೆಯ ಹಿರಿಯರಲ್ಲಿ ಲಸ್ಟ್‌ಮೋರ್ಡ್ ಹೆಸರು ಮುಖ್ಯ, 1990ರ 'ಹೆರೆಸಿ'ಯಿಂದ ಶುರುಮಾಡಬಹುದು.

ಇದನ್ನು ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದರೆ ವ್ಯರ್ಥ. ಈ ಸಂಗೀತದ ಬಲವೆಲ್ಲ 30ರಿಂದ 60 ಹರ್ಟ್ಸ್‌ನಲ್ಲಿದೆ. ಸಣ್ಣ ಸ್ಪೀಕರ್‌ಗಳು 80–100 ಹರ್ಟ್ಸ್‌ಗಿಂತ ಕೆಳಗೆ ಬಹುತೇಕ ಮೂಕ, ಉಳಿಯುವುದು ಬರೀ ಸೊಯ್ ಎನ್ನುವ ಸದ್ದು. ಹಳೆಯ ಹೋಂ ಥಿಯೇಟರಿನ ಸಬ್‌ವೂಫರ್ ಇದ್ದರೆ ಅದನ್ನು ಗ್ಯಾರೇಜಿನ ಮೂಲೆಗೆ ಇಡಿ. ಎರಡು ಗೋಡೆ ಸೇರುವಲ್ಲಿ ಮಂದ್ರ ಇನ್ನಷ್ಟು ಬಲಗೊಳ್ಳುತ್ತದೆ. ಮಂದ್ರ ನಾದ ಎಲ್ಲಿಂದ ಬರುತ್ತಿದೆ ಎಂದು ಕಿವಿ ಪತ್ತೆಹಚ್ಚಲಾರದು, ಹಾಗಾಗಿ ಸ್ಪೀಕರ್ ಬಚ್ಚಿಡುವ ಕಷ್ಟವೂ ಇಲ್ಲ. ಗ್ಯಾರೇಜಿನ ತಗಡಿನ ಬಾಗಿಲು ಗಡಗಡ ಎಂದರೆ ಸಂಧಿಗಳಿಗೆ ರಬ್ಬರ್ ಪಟ್ಟಿ ಸಿಕ್ಕಿಸಿ.

ಸಂಗೀತ ಮತ್ತೆ ಮೊದಲಿಗೆ ಬರುವಾಗ ಟಕ್ ಎಂಬ ಬಿರುಕು ಕೇಳಿದರೆ ಅದು ಎಂಪಿ3ಯ ಗುಣ. ಆ ಫೈಲಿನ ತುದಿಗಳಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಡಬ್ಲ್ಯೂಎವಿ (WAV) ಅಥವಾ ಎಫ್‌ಎಲ್‌ಎಸಿ (FLAC) ಫೈಲ್ ಬಳಸಿ. ಒಂದು ಫೋನಿನಲ್ಲಿ 7 ನಿಮಿಷದ ನಾದ, ಇನ್ನೊಂದರಲ್ಲಿ 11 ನಿಮಿಷದ ಸದ್ದುಗಳು ತಿರುಗುತ್ತಿದ್ದರೆ ಎರಡೂ ಅದೇ ಜೋಡಣೆಗೆ ಬರುವುದು 77 ನಿಮಿಷಕ್ಕೊಮ್ಮೆ. ಒಳಗೆ ನಿಂತು ನಡೆಸುವವರಿಗೂ ಮುಂದಿನ ಸದ್ದು ಯಾವಾಗ ಎಂದು ಸುಲಭಕ್ಕೆ ತಿಳಿಯದು. ಆ ನಡೆಸುವವರ ಕಿವಿಯ ಬಗ್ಗೆಯೂ ಯೋಚಿಸಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯಾಶ್ ಹೇಳುವ ಮಿತಿ 85 ಡೆಸಿಬಲ್‌ಗೆ ಎಂಟು ಗಂಟೆ, ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧ. ಬರುವವರಲ್ಲಿ ಮಕ್ಕಳೇ ಹೆಚ್ಚು, ಆದ್ದರಿಂದ 75 ದಾಟಿಸಬೇಡಿ. ಒಳ್ಳೆಯ ಮಂದ್ರಕ್ಕೆ ಅದು ಸಾಕು.

ಹೆಡ್‌ಫೋನಿಗೆ

ಇಪ್ಪತ್ತನೇ ಶತಮಾನದ ಪ್ರಯೋಗಶೀಲ ಸಂಗೀತವನ್ನು ಗುಂಪಿಗೆ ಹಾಕಿದರೆ "ಇದೇನು ಸದ್ದು" ಎಂಬ ಪ್ರಶ್ನೆ ಬರುತ್ತದೆ. ಒಬ್ಬರೇ ಕತ್ತಲಲ್ಲಿ ಕೂತು ಕೇಳಿದರೆ ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ. ಲಿಗೆಟಿಯ 'ಅಟ್ಮಾಸ್ಫಿಯರ್ಸ್' (1961, ಸುಮಾರು ಒಂಬತ್ತು ನಿಮಿಷ) ತಾಳವಿಲ್ಲದ ಸ್ವರಗಳ ಮೋಡ. ಅದರ ನಡುವೆ ಪಿಕೋಲೋಗಳು ಕಿವಿ ಕೊರೆಯುವ ಎತ್ತರಕ್ಕೇರಿ, ಏಕಾಏಕಿ ಡಬಲ್ ಬೇಸ್‌ಗಳು ಪಾತಾಳದಲ್ಲಿ ಮೊರೆಯುವ ಜಾಗವೊಂದಿದೆ. ಅದಕ್ಕೇ ವಾಲ್ಯೂಮ್ ಅರ್ಧದ ಮೇಲೆ ಬೇಡ. ಬಾರ್ಟೋಕ್ 1936ರಲ್ಲಿ ತಂತಿವಾದ್ಯ, ತಾಳವಾದ್ಯ, ಸೆಲೆಸ್ಟಾಗಳಿಗೆ ಬರೆದ ಕೃತಿಯ ಮೂರನೇ ಭಾಗದಿಂದ ಶುರುಮಾಡುವುದು ಸುಲಭ. ಕ್ಸೈಲೋಫೋನಿನ ಒಂದೇ ಸ್ವರ ಮೊದಲು ತಡೆತಡೆದು, ಆಮೇಲೆ ಬೇಗಬೇಗ, ಮತ್ತೆ ತಡೆದು ಬಡಿಯುತ್ತದೆ. ಅದರ ಕೆಳಗೆ ಟಿಂಪನಿಯ ಶ್ರುತಿ ಜಾರುತ್ತದೆ.

ಪೆಂಡೆರೆಟ್ಸ್ಕಿ 1960ರಲ್ಲಿ 52 ತಂತಿವಾದ್ಯಗಳಿಗೆ ಬರೆದ 'ಥ್ರೆನೊಡಿ' ಹಲವು ಭಯದ ಪ್ಲೇಲಿಸ್ಟ್‌ಗಳಲ್ಲಿ ಸಿಗುತ್ತದೆ. ಅದನ್ನು ಹಿರೋಶಿಮಾದಲ್ಲಿ ಬಲಿಯಾದವರಿಗೆ ಅರ್ಪಿಸಲಾಗಿದೆ. ಖಂಡಿತ ಕೇಳಿ, ಆದರೆ ಹಬ್ಬದ ಅಲಂಕಾರವಾಗಿ ಬೇಡ. ಅದಕ್ಕೆ ಬೇರೊಂದು ದಿನ ಇಡಿ.

ಸಂಜೆ ಕೆಡುವುದು ಎಲ್ಲಿ

ಹೆಚ್ಚಾಗಿ ಕೆಡುವುದು ಫೋನಿನಿಂದ. ಉಚಿತ ಖಾತೆಯಲ್ಲಿ ಮೂರು ಟ್ರ್ಯಾಕ್ ಆದ ಮೇಲೆ ವಿಮೆಯ ಜಾಹೀರಾತು ಬರುತ್ತದೆ. ಪಟ್ಟಿ ಮುಗಿದರೆ ಆಟೋಪ್ಲೇ ತನಗೆ ತೋಚಿದ ಹಾಡು ಹಾಕುತ್ತದೆ. ಕರೆ ಬಂದರೆ ಸಂಗೀತ ನಿಂತು ರಿಂಗ್‌ಟೋನ್ ಅಂಗಳಕ್ಕೆಲ್ಲ ಕೇಳಿಸುತ್ತದೆ. ಪಟ್ಟಿಯನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ ಬ್ಲೂಟೂತ್ ಮಾತ್ರ ತೆರೆಯಿರಿ, ಆಟೋಪ್ಲೇ ಆಫ್ ಮಾಡಿ. ಗಾಥಿಕ್ ಟ್ರ್ಯಾಕ್‌ಗಳ ನಡುವೆ 5–8 ಸೆಕೆಂಡಿನ ಕ್ರಾಸ್‌ಫೇಡ್ (ಒಂದರ ಕೊನೆಗೆ ಇನ್ನೊಂದರ ಆರಂಭ ಬೆರೆಸುವುದು) ಕೊಟ್ಟರೆ ಬಾಗಿಲಲ್ಲಿ ಮೌನ ಬೀಳುವುದಿಲ್ಲ. ಶಾಸ್ತ್ರೀಯ ಕೃತಿಗಳಿಗೆ ಅದನ್ನು ಸೊನ್ನೆ ಮಾಡಿ, ಇಲ್ಲದಿದ್ದರೆ ಕೋಳಿ ಕೂಗುವ ಮೊದಲೇ ಮುಂದಿನದು ಶುರುವಾಗುತ್ತದೆ.

ಎಷ್ಟೋ ಬ್ಲೂಟೂತ್ ಸ್ಪೀಕರ್‌ಗಳು ಸ್ವಲ್ಪ ಹೊತ್ತು ಸದ್ದು ಬಾರದಿದ್ದರೆ ತಾವೇ ಆಫ್ ಆಗುತ್ತವೆ. ಕೆಲವು ಬಹಳ ಮೆಲ್ಲನೆಯ ಭಾಗವನ್ನೂ ಮೌನವೆಂದೇ ಎಣಿಸುತ್ತವೆ. ಫೋನಿನ ವಾಲ್ಯೂಮ್ ಹೆಚ್ಚಿಟ್ಟು ಸ್ಪೀಕರಿನದ್ದು ತಗ್ಗಿಸಿದರೆ ಈ ತೊಂದರೆ ಕಡಿಮೆ. ಅಮೆರಿಕದ ಉತ್ತರ ಭಾಗದಲ್ಲಿ ಆ ಹೊತ್ತಿಗೆ ಚಳಿ ಇಳಿದಿರುತ್ತದೆ. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗ ಬರಿದಾಗುತ್ತದೆ, ಹನ್ನೆರಡು ಗಂಟೆ ಎಂದು ಪೆಟ್ಟಿಗೆಯ ಮೇಲಿದ್ದರೂ ನಂಬದೆ ಪವರ್ ಬ್ಯಾಂಕ್ ಸಿಕ್ಕಿಸಿಡಿ. ಸ್ಪೀಕರನ್ನು ರಟ್ಟಿನ ಶವಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ತಾರ ಸ್ವರಗಳೆಲ್ಲ ಸತ್ತು ಗೊಗ್ಗರು ಉಳಿಯುತ್ತದೆ. ಪೊದೆಯ ಹಿಂದೆ ನೆಲಮಟ್ಟದಲ್ಲಿ ಗೋಡೆಗೆ ಮುಖ ಮಾಡಿ ಇಡಿ. ಸದ್ದು ಗೋಡೆಗೆ ತಾಗಿ ಹರಡುವುದರಿಂದ ಮೂಲ ಎಲ್ಲೆಂದು ತಿಳಿಯುವುದಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಆಚರಿಸುವವರಿಗೆ ಸಮಯದ ಮಿತಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಮಂದ್ರ ನಾದ ಗೋಡೆ ದಾಟಿ ಕೆಳಗಿನ ಮನೆಗೆ ಹೋಗುವುದರಿಂದ ಸಬ್‌ವೂಫರನ್ನು ಒಂಬತ್ತಕ್ಕೇ ಆಫ್ ಮಾಡುವುದು ಒಳ್ಳೆಯದು. ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ, ಪಬ್‌ಗೆ, ಮಾಲ್‌ಗೆ ವೈಯಕ್ತಿಕ ಸ್ಟ್ರೀಮಿಂಗ್ ಖಾತೆ ಸಾಲದು. ಭಾರತದಲ್ಲಿ ಐಪಿಆರ್‌ಎಸ್, ಪಿಪಿಎಲ್, ಅಮೆರಿಕದಲ್ಲಿ ಆಸ್ಕ್ಯಾಪ್, ಬಿಎಂಐ ಮೊದಲಾದ ಸಂಗೀತದ ಹಕ್ಕು ನೋಡಿಕೊಳ್ಳುವ ಸಂಸ್ಥೆಗಳ ಪರವಾನಗಿ ಬೇಕೇ ಎಂದು ನೋಡಿಕೊಳ್ಳಬೇಕು. 1921ರಲ್ಲಿ ತೀರಿಕೊಂಡ ಸ್ಯಾಂ-ಸಾನ್ಸ್‌ರ ಸ್ವರಪಟ್ಟಿ ಇಂದು ಎಲ್ಲರದು. ಆದರೆ ಅದನ್ನು ಇತ್ತೀಚೆಗೆ ನುಡಿಸಿ ಮುದ್ರಿಸಿದವರ ಹಕ್ಕು ಹಾಗೇ ಇರುತ್ತದೆ. ಮನೆಯ ಅಲಂಕಾರದ ವಿಡಿಯೊವನ್ನು ಅದೇ ಸಂಗೀತದೊಡನೆ ಹಾಕಿದರೆ ಧ್ವನಿ ತೆಗೆದುಹಾಕುವುದು ಈ ಕಾರಣಕ್ಕೆ. ಅಂಥ ವಿಡಿಯೊಗೆ ಮ್ಯೂಸೋಪನ್‌ನಂಥ ಜಾಲತಾಣದಲ್ಲಿ ಮುಕ್ತವಾಗಿ ಸಿಗುವ ಧ್ವನಿಮುದ್ರಣವನ್ನು, ಅದರ ಷರತ್ತು ಓದಿಕೊಂಡು, ಬಳಸಿ.